ಚಲಿಸುವ ಹಡಗಿನಿಂದ ಚಲಿಸುವ ಹಡಗಿಗೆ ಗುರಿ

1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಮ್ಡನ್ ಎಂಬ ಪುಟ್ಟ ಯುದ್ಧನೌಕೆ ಮದ್ರಾಸಿನ ತೀರಕ್ಕೆ ಬಂದು, ಶೋಧದೀಪ ಹಾಯಿಸಿ, ಬರ್ಮಾ ಆಯಿಲ್ ಕಂಪನಿಯ ತೈಲ ತೊಟ್ಟಿಗಳ ಮೇಲೆ ಗುಂಡು ಹಾರಿಸಿತು. ತೊಟ್ಟಿಗಳು ಹೊತ್ತಿ ಉರಿದವು. ಈ ಕಥೆಯನ್ನು ನೀವು ಕೇಳಿರಬಹುದು. ಅದೇ ಹಡಗು ನವೆಂಬರ್ 9ರಂದು ಕೋಕೋಸ್ ದ್ವೀಪಗಳ ಬಳಿ ಆಸ್ಟ್ರೇಲಿಯದ ಸಿಡ್ನಿ ಎಂಬ ಹಡಗಿನೊಡನೆ ಕಾದಾಡಿ ನಾಶವಾಯಿತು. ಮದ್ರಾಸಿನಲ್ಲಿ ಗುರಿ ಹತ್ತಿರವಿತ್ತು, ನಿಂತಲ್ಲೇ ನಿಂತಿತ್ತು. ಕೋಕೋಸಿನಲ್ಲಿ ಗುರಿ ದೂರವಿತ್ತು, ಓಡುತ್ತಿತ್ತು. ಗುರಿಯಿಡುವವನ ಕಾಲಡಿಯ ಹಡಗೂ ಓಡುತ್ತಿತ್ತು. ಈ ಎರಡನೆಯ ಬಗೆಯ ಗುರಿಯನ್ನು ಹೊಡೆಯುವ ವಿದ್ಯೆಗೆ ಫಿರಂಗಿ ನಿಯಂತ್ರಣ ಎಂದು ಹೆಸರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನ್ ನೌಕಾಪಡೆ ಅದನ್ನು ಹೇಗೆ ನಡೆಸುತ್ತಿತ್ತು, ಅದನ್ನು ಅರಿಯುವುದು ಹೇಗೆ, ಅರಿತದ್ದನ್ನು ಒಂದು ಯುದ್ಧದಾಟದ ನಿಯಮವಾಗಿ ಇಳಿಸುವುದು ಹೇಗೆ ಎಂಬ ಮೂರು ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ. ನಿಮಗೆ ಬೇಕಾದ ಸಿದ್ಧತೆ ಎರಡೇ: ಕುತೂಹಲ, ಮತ್ತು ಕೂಡಿ ಕಳೆದು ಗುಣಿಸಿ ಭಾಗಿಸುವಷ್ಟು ಗಣಿತ.

ಯುದ್ಧದಾಟ ಎಂದರೇನು?

ಯುದ್ಧದಾಟ, ಅಂದರೆ ವಾರ್‌ಗೇಮ್, ನಿಜವಾದ ಒಂದು ಕದನದ ನಿರ್ಧಾರಗಳನ್ನು ಮೇಜಿನ ಮೇಲೋ ನೆಲದ ಮೇಲೋ ಮತ್ತೆ ತೆಗೆದುಕೊಂಡು ನೋಡುವ ಆಟ. ಪುಟ್ಟ ಮಾದರಿ ಹಡಗುಗಳು, ಅಳತೆ ಪಟ್ಟಿ, ದಾಳಗಳು ಮತ್ತು ನಿಯಮಗಳ ಒಂದು ಪುಸ್ತಕ ಅದರ ಸಾಮಗ್ರಿ. ಇಂಗ್ಲೆಂಡಿನ ಫ್ರೆಡ್ ಜೇನ್ 1898ರಲ್ಲಿ ಇಂಥ ಒಂದು ನೌಕಾ ಆಟವನ್ನು ಪ್ರಕಟಿಸಿದರು. ಇಂದಿಗೂ ವರ್ಷವರ್ಷ ಹೊರಬರುವ 'ಜೇನ್ಸ್ ಫೈಟಿಂಗ್ ಶಿಪ್ಸ್' ಎಂಬ ಯುದ್ಧನೌಕೆಗಳ ಕೋಶ ಹುಟ್ಟಿದ್ದೂ ಆ ವರ್ಷವೇ, ಆ ಆಟಕ್ಕೆ ಜೊತೆಗಾರನಾಗಿ. ಮುಂದೆ ಅಮೆರಿಕದ ಲೇಖಕ ಫ್ಲೆಚರ್ ಪ್ರ್ಯಾಟ್ ರೂಪಿಸಿದ ಆಟದಲ್ಲಿ ಆಟಗಾರರು ನೆಲದ ಮೇಲೆ ಮಾದರಿಗಳನ್ನಿಟ್ಟು, ಎದುರು ಹಡಗು ಎಷ್ಟು ಇಂಚು ದೂರದಲ್ಲಿದೆ ಎಂದು ಕಣ್ಣಳತೆಯಲ್ಲೇ ಊಹಿಸಿ ಬರೆಯಬೇಕಿತ್ತು. ಆಮೇಲೆ ಪಟ್ಟಿ ಹಿಡಿದು ಅಳೆದು, ಗುಂಡು ಎಲ್ಲಿ ಬಿತ್ತೆಂದು ತೀರ್ಮಾನಿಸುತ್ತಿದ್ದರು.

ಪ್ರ್ಯಾಟ್ ಅವರ ಉಪಾಯವನ್ನು ಗಮನವಿಟ್ಟು ನೋಡಿ. ದೂರ ಗೊತ್ತಿಲ್ಲ ಎಂಬುದೇ ಅಲ್ಲಿ ಆಟದ ತಿರುಳು. ಅನೇಕ ಹೊಸಬರು ನಿಯಮ ಬರೆಯುವಾಗ 'ಜರ್ಮನ್ ಹಡಗಾದರೆ ದಾಳಕ್ಕೆ ಒಂದು ಅಂಕ ಹೆಚ್ಚು' ಎಂದು ಬರೆದು ಮುಗಿಸಿಬಿಡುತ್ತಾರೆ. ಆ ಒಂದು ಅಂಕ ಎಲ್ಲಿಂದ ಬಂತು, ಯಾವಾಗ ಇರುತ್ತದೆ, ಯಾವಾಗ ಕರಗುತ್ತದೆ ಎಂದು ಕೇಳಿದರೆ ಉತ್ತರವಿರುವುದಿಲ್ಲ. ಆ ಉತ್ತರವನ್ನು ಹುಡುಕುವುದೇ ನಮ್ಮ ಸಂಶೋಧನೆ.

ಮೊದಲ ತೊಡಕು: ಗುಂಡು ಹಾರುವ ಹೊತ್ತು

ಒಂದು ನಿಜವಾದ ಹಡಗನ್ನೇ ಇಟ್ಟುಕೊಂಡು ಕಲಿಯೋಣ. ಡೆರ್ಫ್ಲಿಂಗರ್ ಜರ್ಮನಿಯ ಬ್ಯಾಟಲ್ ಕ್ರೂಸರ್, ಅಂದರೆ ದೊಡ್ಡ ಫಿರಂಗಿಗಳನ್ನು ಹೊತ್ತು ವೇಗವಾಗಿ ಓಡುವ ಯುದ್ಧನೌಕೆ. ಉದ್ದ ಸುಮಾರು 210 ಮೀಟರ್. ನಾಲ್ಕು ತಿರುಗುವ ಉಕ್ಕಿನ ಗೋಪುರಗಳಲ್ಲಿ ಎರಡೆರಡರಂತೆ ಎಂಟು ದೊಡ್ಡ ಫಿರಂಗಿಗಳು. ಈ ಗೋಪುರಗಳಿಗೆ ಟರೆಟ್ ಎನ್ನುತ್ತಾರೆ. ಡೆರ್ಫ್ಲಿಂಗರ್‌ನ ನಾವಿಕರು ಅವನ್ನು ಆನ್ನಾ, ಬೆರ್ಟಾ, ಸೀಸರ್, ಡೋರಾ ಎಂದು ಕರೆಯುತ್ತಿದ್ದರು. ಫಿರಂಗಿಯ ಬಾಯಿಯ ಅಗಲ 30.5 ಸೆಂಟಿಮೀಟರ್. ಅದರ ಗುಂಡು 400 ಕಿಲೋಗ್ರಾಮಿಗೂ ತುಸು ಹೆಚ್ಚು ತೂಗುತ್ತಿತ್ತು. ಸೆಕೆಂಡಿಗೆ ಸುಮಾರು 855 ಮೀಟರ್ ವೇಗದಲ್ಲಿ ಹೊರಡುತ್ತಿತ್ತು.

ಗಾಳಿಯ ತಡೆಯಿಂದ ಆ ವೇಗ ದಾರಿಯಲ್ಲಿ ಇಳಿಯುತ್ತಾ ಹೋಗುತ್ತದೆ. 15 ಕಿಲೋಮೀಟರ್ ಆಚೆಯ ಗುರಿಯನ್ನು ಮುಟ್ಟಲು ಗುಂಡಿಗೆ 20 ಸೆಕೆಂಡಿಗೂ ಹೆಚ್ಚು ಹೊತ್ತು ಬೇಕು. ಈಗ ಗುರಿಯ ಕಡೆ ನೋಡಿ. ಸಮುದ್ರದಲ್ಲಿ ವೇಗವನ್ನು ನಾಟ್ ಎಂಬ ಮಾನದಲ್ಲಿ ಹೇಳುತ್ತಾರೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. 25 ನಾಟ್ ವೇಗದ ಹಡಗು ಸೆಕೆಂಡಿಗೆ ಸುಮಾರು 12.9 ಮೀಟರ್ ಸಾಗುತ್ತದೆ. 20 ಸೆಕೆಂಡಿನಲ್ಲಿ ಅದು 257 ಮೀಟರ್ ಮುಂದಿರುತ್ತದೆ, ಅಂದರೆ ತನ್ನ ಉದ್ದಕ್ಕಿಂತಲೂ ಹೆಚ್ಚು. ಕಂಡ ಜಾಗಕ್ಕೇ ಗುರಿಯಿಟ್ಟು ಹೊಡೆದರೆ ಗುಂಡು ಬರಿಯ ನೀರಿಗೆ ಬೀಳುತ್ತದೆ.

ಹೀಗಾಗಿ ಫಿರಂಗಿ ಅಧಿಕಾರಿಗೆ ಮೂರು ಸಂಗತಿ ಗೊತ್ತಿರಬೇಕು. ಗುರಿ ಈಗ ಎಷ್ಟು ದೂರದಲ್ಲಿದೆ? ಆ ದೂರ ಯಾವ ದರದಲ್ಲಿ ಬದಲಾಗುತ್ತಿದೆ? ಗುರಿ ಎಡಕ್ಕೋ ಬಲಕ್ಕೋ ಎಷ್ಟು ಸರಿಯುತ್ತಿದೆ? ಈ ಮೂರನ್ನು ಚೆನ್ನಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮುಂದೆ ಬರುವ ಪ್ರತಿ ಯಂತ್ರವೂ ಇವುಗಳಲ್ಲೊಂದಕ್ಕೆ ಉತ್ತರ ಕೊಡಲೆಂದೇ ಹುಟ್ಟಿದ್ದು.

ದೂರವನ್ನು ಅಳೆಯುವುದು

ನಿಮ್ಮ ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು, ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಹಿಂದಿನ ಗೋಡೆಯ ಮೇಲೆ ಬೆರಳು ಅತ್ತಿತ್ತ ಜಿಗಿದಂತೆ ಕಾಣುತ್ತದೆ. ಬೆರಳನ್ನು ದೂರ ಒಯ್ದಷ್ಟೂ ಆ ಜಿಗಿತ ಕಿರಿದಾಗುತ್ತದೆ. ಎರಡು ಕಣ್ಣುಗಳ ನಡುವಿನ ಅಂತರ ಮತ್ತು ಜಿಗಿತದ ಕೋನ ಗೊತ್ತಾದರೆ ಬೆರಳಿನ ದೂರವನ್ನು ಲೆಕ್ಕ ಹಾಕಬಹುದು. ಹಡಗಿನ ದೂರಮಾಪಕ ಮಾಡುವುದೂ ಇದನ್ನೇ. ಅದರ ಎರಡು 'ಕಣ್ಣು'ಗಳು ಉದ್ದವಾದ ಕೊಳವೆಯ ಎರಡು ತುದಿಗಳಲ್ಲಿರುತ್ತವೆ. ಆ ತುದಿಗಳ ನಡುವಿನ ಅಂತರಕ್ಕೆ ತಳರೇಖೆ ಎನ್ನೋಣ.

ಜರ್ಮನ್ ದೊಡ್ಡ ಹಡಗುಗಳಲ್ಲಿದ್ದದ್ದು ಯೇನಾ ನಗರದ ಕಾರ್ಲ್ ಝೈಸ್ ಸಂಸ್ಥೆಯ 3 ಮೀಟರ್ ತಳರೇಖೆಯ ದೂರಮಾಪಕ. ಬ್ರಿಟಿಷರ ಹೆಚ್ಚಿನ ಹಡಗುಗಳಲ್ಲಿದ್ದದ್ದು ಗ್ಲಾಸ್ಗೋದ ಬಾರ್ ಆಂಡ್ ಸ್ಟ್ರೌಡ್ ಸಂಸ್ಥೆಯ 9 ಅಡಿಯದು, ಅಂದರೆ ಸುಮಾರು 2.74 ಮೀಟರಿನದು. ಉದ್ದದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಬೇರೆಯಾಗಿದ್ದದ್ದು ನೋಡುವ ಬಗೆ. ಬ್ರಿಟಿಷ್ ಯಂತ್ರದಲ್ಲಿ ಒಂದೇ ಕಣ್ಣಿಗೆ ಗುರಿಯ ಚಿತ್ರ ಮೇಲರ್ಧ, ಕೆಳಅರ್ಧ ಎಂದು ಸೀಳಿ ಕಾಣುತ್ತದೆ. ಎರಡನ್ನೂ ಸರಿಸಿ ಒಂದೇ ನೇರಕ್ಕೆ ತಂದಾಗ ದೂರ ಸಿಗುತ್ತದೆ. ಇದಕ್ಕೆ ಕೂಡಿಕೆಯ ದೂರಮಾಪಕ ಎನ್ನೋಣ. ಹೀಗೆ ಕೂಡಿಸಲು ಕಂಬವೋ ಹೊಗೆಕೊಳವೆಯೋ, ಯಾವುದಾದರೂ ಸ್ಪಷ್ಟವಾದ ನೆಟ್ಟನೆಯ ಗೆರೆ ಬೇಕು. ಜರ್ಮನ್ ಯಂತ್ರದಲ್ಲಿ ಎರಡೂ ಕಣ್ಣಿಗೆ ಚಿತ್ರ ಕಾಣುತ್ತದೆ, ದೃಶ್ಯಕ್ಕೆ ಆಳ ಬರುತ್ತದೆ. ಆ ಆಳದಲ್ಲಿ ತೇಲುವಂತೆ ಕಾಣುವ ಒಂದು ಗುರುತನ್ನು ಗುರಿಯಷ್ಟೇ ದೂರದಲ್ಲಿ ನಿಂತಂತೆ ತೋರುವವರೆಗೆ ಸರಿಸಬೇಕು. ಇದು ಸ್ಟೀರಿಯೋ ದೂರಮಾಪಕ. ಹೊಗೆ ಮುಸುಕಿದ, ಅಂಚು ಕಾಣದ ಗುರಿಗೂ ಇದು ಒದಗುತ್ತದೆ. ಆದರೆ ನೋಡುವವನ ಎರಡೂ ಕಣ್ಣು ಸಮನಾಗಿ ಚುರುಕಾಗಿರಬೇಕು, ತರಬೇತಿ ದೀರ್ಘವಾಗಿರಬೇಕು. ಕದನದ ಗದ್ದಲದಲ್ಲಿ ಈ ಸೂಕ್ಷ್ಮ ದೃಷ್ಟಿ ಉಳಿಯುತ್ತದೆಯೇ ಎಂಬ ಸಂಶಯ ಬ್ರಿಟಿಷರಿಗಿತ್ತು.

ಈಗ ಒಂದು ಲೆಕ್ಕ. ತಳರೇಖೆ 3 ಮೀಟರ್, ದೂರ 15,000 ಮೀಟರ್. ಎರಡು ನೋಟಗಳ ನಡುವಿನ ಕೋನ ಒಂದು ಡಿಗ್ರಿಯನ್ನು ಸುಮಾರು 87 ಪಾಲು ಮಾಡಿದರೆ ಬರುವ ಒಂದು ಪಾಲಿನಷ್ಟು ಮಾತ್ರ. ಇಷ್ಟು ಕಿರಿದಾದ ಕೋನದಲ್ಲಿ ಕೂದಲೆಳೆಯಷ್ಟು ತಪ್ಪಾದರೂ ದೂರದಲ್ಲಿ ನೂರಾರು ಮೀಟರ್ ತಪ್ಪುತ್ತದೆ. ಇಲ್ಲಿ ನೀವು ನೆನಪಿಡಲೇಬೇಕಾದ ನಿಯಮ ಒಂದಿದೆ: ದೂರ ಎರಡರಷ್ಟಾದರೆ ತಪ್ಪು ನಾಲ್ಕರಷ್ಟಾಗುತ್ತದೆ. ದೂರ ಮೂರರಷ್ಟಾದರೆ ತಪ್ಪು ಒಂಬತ್ತರಷ್ಟು. ನಿಮ್ಮ ಆಟದ ನಿಯಮಗಳು ನಿಂತಿರುವ ನೆಲಗಟ್ಟು ಇದು.

ತಪ್ಪನ್ನು ತಗ್ಗಿಸಲು ಜರ್ಮನರು ಹಿಡಿದ ದಾರಿ ಸರಳ. ಡೆರ್ಫ್ಲಿಂಗರ್‌ನಲ್ಲಿ ಏಳು ದೂರಮಾಪಕಗಳಿದ್ದವು. ಎಲ್ಲರ ಓದನ್ನೂ ಕಲೆಹಾಕಿ ಸರಾಸರಿ ತೆಗೆಯುತ್ತಿದ್ದರು. ಒಬ್ಬ ಹೆಚ್ಚು ಹೇಳಿದರೆ ಇನ್ನೊಬ್ಬ ಕಡಿಮೆ ಹೇಳಿರುತ್ತಾನೆ. ಒಟ್ಟಿನಲ್ಲಿ ತಪ್ಪುಗಳು ಪರಸ್ಪರ ಕರಗುತ್ತವೆ. ಗಣಿತದ ಪ್ರಕಾರ ಏಳು ಸ್ವತಂತ್ರ ಓದುಗಳ ಸರಾಸರಿಯಲ್ಲಿ ಉಳಿಯುವ ತಪ್ಪು ಒಂದೇ ಓದಿನ ತಪ್ಪಿನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಆದರೆ ಮಂಜೋ ಮಬ್ಬೋ ಎಲ್ಲರ ಕಣ್ಣನ್ನೂ ಒಂದೇ ಬಗೆಯಲ್ಲಿ ಮೋಸಗೊಳಿಸಿದರೆ ಸರಾಸರಿ ಅದನ್ನು ತಿದ್ದಲಾರದು. ಈ ಮಿತಿಯನ್ನೂ ಬರೆದಿಟ್ಟುಕೊಳ್ಳಿ.

ದೂರ ಬದಲಾಗುವ ದರ

ಎರಡನೆಯ ಪ್ರಶ್ನೆಗೆ ಬರೋಣ. ಎರಡು ಹಡಗುಗಳು ತಲಾ 25 ನಾಟ್ ವೇಗದಲ್ಲಿ ಎದುರುಬದುರಾಗಿ ಬರುತ್ತಿದ್ದರೆ ನಡುವಿನ ದೂರ ನಿಮಿಷಕ್ಕೆ ಸುಮಾರು 1,540 ಮೀಟರ್ ಕಡಿಮೆಯಾಗುತ್ತದೆ. ಅವೇ ಹಡಗುಗಳು ಅದೇ ವೇಗದಲ್ಲಿ ಒಂದೇ ದಿಕ್ಕಿಗೆ ಸಮಾನಾಂತರವಾಗಿ ಓಡುತ್ತಿದ್ದರೆ ದೂರ ಬದಲಾಗುವುದೇ ಇಲ್ಲ. ನಿಜವಾದ ಕದನಗಳು ಈ ಎರಡು ತುದಿಗಳ ನಡುವೆ ಎಲ್ಲೋ ಇರುತ್ತವೆ.

ಕಾಗದದ ಮೇಲೆ ನಿಮ್ಮ ಹಡಗಿಗೊಂದು, ಎದುರಾಳಿಗೊಂದು ಚುಕ್ಕಿ ಇಟ್ಟು ನಡುವೆ ಗೆರೆ ಎಳೆಯಿರಿ. ಇದು ನೋಟದ ಗೆರೆ. ಪ್ರತಿ ಹಡಗಿನ ವೇಗವನ್ನೂ ಎರಡು ಪಾಲು ಮಾಡಬಹುದು: ಈ ಗೆರೆಯ ಉದ್ದಕ್ಕೆ ಇರುವುದು ಒಂದು, ಗೆರೆಗೆ ಅಡ್ಡಲಾಗಿರುವುದು ಇನ್ನೊಂದು. ಉದ್ದದ ಪಾಲು ದೂರವನ್ನು ಬದಲಿಸುತ್ತದೆ. ಅಡ್ಡದ ಪಾಲು ಗುರಿಯನ್ನು ಎಡಕ್ಕೋ ಬಲಕ್ಕೋ ಸರಿಸುತ್ತದೆ. ಉದಾಹರಣೆಗೆ ಎದುರಾಳಿ 25 ನಾಟ್ ವೇಗದಲ್ಲಿ, ನೋಟದ ಗೆರೆಗೆ 60 ಡಿಗ್ರಿ ಓರೆಯಾಗಿ ನಿಮ್ಮ ಕಡೆಗೆ ಬರುತ್ತಿದ್ದಾನೆ; ನೀವು ಗೆರೆಗೆ ನೇರ ಅಡ್ಡಲಾಗಿ ಸಾಗುತ್ತಿದ್ದೀರಿ. ಆಗ ಉದ್ದದ ಪಾಲು 12.5 ನಾಟ್. ದೂರ ನಿಮಿಷಕ್ಕೆ ಸುಮಾರು 386 ಮೀಟರ್ ಕುಗ್ಗುತ್ತದೆ.

ಕದನದ ನಡುವೆ ಈ ತ್ರಿಕೋನವನ್ನು ಬಿಡಿಸುತ್ತ ಕೂರಲಾಗದು. ಬ್ರಿಟಿಷ್ ನೌಕಾಧಿಕಾರಿ ಜಾನ್ ಡ್ಯೂಮರೆಸ್ಕ್ ಇದನ್ನು ಕಡ್ಡಿ ಮತ್ತು ಬಿಲ್ಲೆಗಳಿಂದಲೇ ಬಿಡಿಸುವ ಒಂದು ಉಪಕರಣವನ್ನು ರೂಪಿಸಿದರು. ಅದಕ್ಕೆ ಅವರ ಹೆಸರೇ ನಿಂತಿತು. ಜರ್ಮನರ ಬಳಿ ಇದೇ ಕೆಲಸಕ್ಕೆ ಇ-ಯು ಆಂಟ್ಸೈಗರ್ ಎಂಬ ಉಪಕರಣವಿತ್ತು, ಅಂದರೆ ದೂರದ ವ್ಯತ್ಯಾಸವನ್ನು ತೋರಿಸುವಂಥದ್ದು. ನಮ್ಮ ದಿಕ್ಕು, ನಮ್ಮ ವೇಗ, ಎದುರಾಳಿಯ ದಿಕ್ಕು, ಎದುರಾಳಿಯ ವೇಗ, ಈ ನಾಲ್ಕನ್ನು ಹೊಂದಿಸಿದರೆ ಅದು ದೂರದ ದರವನ್ನೂ ಅಡ್ಡ ತಿದ್ದುಪಡಿಯನ್ನೂ ಕೊಡುತ್ತದೆ. ಮೊದಲೆರಡು ಸಂಖ್ಯೆಗಳು ನಮಗೆ ಗೊತ್ತು. ಕೊನೆಯ ಎರಡು ಬರೀ ಅಂದಾಜು. ಅಂದಾಜು ಕೆಟ್ಟರೆ ಯಂತ್ರ ಎಷ್ಟೇ ನಿಖರವಾಗಿದ್ದರೂ ಉತ್ತರ ಕೆಡುತ್ತದೆ. ಎದುರಾಳಿ ದಿಕ್ಕು ಬದಲಿಸಿದ ಕ್ಷಣದಲ್ಲಿ ಹಳೆಯ ಉತ್ತರ ವ್ಯರ್ಥವಾಗುತ್ತದೆ.

ಬ್ರಿಟಿಷರ ಅನೇಕ ದೊಡ್ಡ ಹಡಗುಗಳಲ್ಲಿ ಇದಕ್ಕೂ ಮುಂದಿನ ಹೆಜ್ಜೆ ಇತ್ತು. ಫ್ರೆಡರಿಕ್ ಡ್ರೇಯರ್ ಹೆಸರಿನ ಮೇಜಿನಂಥ ಯಂತ್ರ ದೂರದ ಓದುಗಳನ್ನು ಚಲಿಸುವ ಕಾಗದದ ಮೇಲೆ ಚುಕ್ಕಿಗಳಾಗಿ ಮೂಡಿಸುತ್ತಿತ್ತು. ಆ ಚುಕ್ಕಿಗಳ ಇಳಿಜಾರಿನಿಂದ ದರವನ್ನು ಓದುತ್ತಿದ್ದರು. ಜರ್ಮನರು ಹೀಗೆ ನಕ್ಷೆ ಬಿಡಿಸುವುದನ್ನು ನೆಚ್ಚಲಿಲ್ಲ. ಒಳ್ಳೆಯ ದೂರಮಾಪನ, ಚುರುಕು ಅಂದಾಜು, ಬೇಗ ಬೇಗ ಹಾರಿಸಿ ತಿದ್ದಿಕೊಳ್ಳುವುದು, ಇವು ಅವರ ಆಧಾರ. ಎರಡು ನೌಕಾಪಡೆಗಳ ನಡುವಿನ ನಿಜವಾದ ವ್ಯತ್ಯಾಸ ಇಲ್ಲಿದೆ.

ಗೋಪುರಕ್ಕೆ ಆದೇಶ ತಲುಪುವ ಬಗೆ

ಲೆಕ್ಕ ಸಿಕ್ಕಿತು. ಅದು ಫಿರಂಗಿಗೆ ತಲುಪಬೇಕು. ಡೆರ್ಫ್ಲಿಂಗರ್‌ನ ಪ್ರಥಮ ಫಿರಂಗಿ ಅಧಿಕಾರಿಯಾಗಿದ್ದ ಗೇಯೋರ್ಗ್ ಫೊನ್ ಹಾಸೆ ಕವಚವಿರುವ ನಿಯಂತ್ರಣ ಕೋಣೆಯಲ್ಲಿ ಪೆರಿಸ್ಕೋಪಿನ ಮುಂದೆ ನಿಲ್ಲುತ್ತಿದ್ದರು. ಪೆರಿಸ್ಕೋಪ್ ತಿರುಗಿದ ದಿಕ್ಕು ವಿದ್ಯುತ್ ತಂತಿಯ ಮೂಲಕ ನಾಲ್ಕೂ ಗೋಪುರಗಳ ಮುಳ್ಳುಗಳಿಗೆ ಹೋಗುತ್ತಿತ್ತು. ಈ ವ್ಯವಸ್ಥೆಗೆ ರಿಷ್ಟುಂಗ್ಸ್‌ವೈಸರ್ ಎಂದು ಹೆಸರು. ದಿಕ್ಕು ತೋರುವುದು ಅದರ ಕೆಲಸ. ಗೋಪುರದೊಳಗಿನವನಿಗೆ ಶತ್ರು ಕಾಣದಿದ್ದರೂ ಚಿಂತೆಯಿಲ್ಲ, ತನ್ನ ಮುಳ್ಳನ್ನು ಆ ಮುಳ್ಳಿಗೆ ಕೂಡಿಸಿದರೆ ಗೋಪುರ ಸರಿಯಾದ ಕಡೆ ಮುಖ ಮಾಡುತ್ತದೆ. ದೂರ ಮತ್ತು ತಿದ್ದುಪಡಿಗಳು ಹಡಗಿನ ಕೆಳ ಅಂತಸ್ತಿನ ಫಿರಂಗಿ ಕೇಂದ್ರದ ಮೂಲಕ ತಂತಿಯಲ್ಲಿ ಹೋಗುತ್ತಿದ್ದವು. ಆದರೆ ಫಿರಂಗಿಯನ್ನು ಎಷ್ಟು ಎತ್ತಬೇಕು, ಹಡಗು ಹೊರಳುವಾಗ ಆ ಎತ್ತರವನ್ನು ಹೇಗೆ ಕಾಯ್ದುಕೊಳ್ಳಬೇಕು ಎಂಬುದು ಗೋಪುರದ ಗುರಿಕಾರನ ದುರ್ಬೀನಿಗೆ ಬಿಟ್ಟ ಕೆಲಸ.

ಬ್ರಿಟಿಷರ ಪರ್ಸಿ ಸ್ಕಾಟ್ ಪ್ರತಿಪಾದಿಸಿದ ಡೈರೆಕ್ಟರ್ ಪದ್ಧತಿಯಲ್ಲಿ ಎತ್ತರ, ದಿಕ್ಕು, ಹಾರಿಸುವುದು ಮೂರೂ ಕಂಬದ ಮೇಲಿನ ಒಂದೇ ಗುರಿಯಂತ್ರದಿಂದ ನಡೆಯುತ್ತಿದ್ದವು. 1912ರ ನವೆಂಬರಿನಲ್ಲಿ ಥಂಡರರ್ ಮತ್ತು ಒರಾಯನ್ ಎಂಬ ಎರಡು ಹಡಗುಗಳ ನಡುವೆ ಪರೀಕ್ಷೆ ನಡೆದಾಗ, ಡೈರೆಕ್ಟರ್ ಇದ್ದ ಥಂಡರರ್ ಬಹಳ ಮುಂದಿತ್ತು. ಅಂದರೆ ಒಂದೊಂದು ಕೊಂಡಿಯಲ್ಲಿ ಒಂದೊಂದು ಪಡೆ ಮೇಲು. 'ಜರ್ಮನ್ ಮೇಲು' ಎಂಬ ಒಂದೇ ಅಂಕ ಈ ಚಿತ್ರವನ್ನು ಹಿಡಿಯಲಾರದು.

ಆಚೆ, ಈಚೆ, ನಡುವೆ

ಇಷ್ಟೆಲ್ಲ ಮಾಡಿಯೂ ಮೊದಲ ಹೊಡೆತ ತಗುಲುವುದು ಅಪರೂಪ. ಹಲವು ಫಿರಂಗಿಗಳನ್ನು ಒಟ್ಟಿಗೆ ಹಾರಿಸುವುದಕ್ಕೆ ಸಾಲ್ವೊ ಎನ್ನುತ್ತಾರೆ. ಗುಂಡುಗಳು ನೀರಿಗೆ ಬಿದ್ದಾಗ ಎತ್ತರದ ನೀರ್ಕಂಬಗಳು ಏಳುತ್ತವೆ. ಕಂಬಗಳು ಗುರಿಯ ಹಿಂದೆ ಎದ್ದರೆ ಹೊಡೆತ ಆಚೆ ಬಿತ್ತು. ಮುಂದೆ ಎದ್ದು ಗುರಿಯನ್ನು ಮರೆಮಾಡಿದರೆ ಈಚೆ ಬಿತ್ತು. ಕೆಲವು ಆಚೆ, ಕೆಲವು ಈಚೆ ಬಿದ್ದರೆ ಗುರಿ ನಡುವೆ ಸಿಕ್ಕಿದೆ ಎಂದರ್ಥ. ಜರ್ಮನರು ಇದನ್ನು ಡೆಕೆಂಡ್ ಎನ್ನುತ್ತಿದ್ದರು. ಫಿರಂಗಿ ಅಧಿಕಾರಿ ಕಾಯುವುದು ಈ ಗಳಿಗೆಗೇ.

ಆಚೆಯದೊಂದು, ಈಚೆಯದೊಂದು ದೂರ ಸಿಕ್ಕಿದ ಮೇಲೆ ಅವೆರಡರ ನಡುವಿನ ಅಂತರವನ್ನು ಕಿರಿದು ಮಾಡುತ್ತ ಹೋಗುವುದು ಹಳೆಯ ಪದ್ಧತಿ. ಪ್ರತಿ ಸಾಲ್ವೊ ಬೀಳುವವರೆಗೆ ಕಾದರೆ ಪ್ರತಿ ಸಲವೂ 20 ಸೆಕೆಂಡಿಗಿಂತ ಹೆಚ್ಚು ಹೊತ್ತು ಹೋಗುತ್ತದೆ, ಅಷ್ಟರಲ್ಲಿ ದೂರವೇ ಬದಲಾಗಿರುತ್ತದೆ. ಜರ್ಮನರು ರೂಢಿಸಿಕೊಂಡಿದ್ದ ಉಪಾಯದಲ್ಲಿ ಹಿಂದಿನದು ಬೀಳುವ ಮೊದಲೇ ಮುಂದಿನದನ್ನು ಬೇರೆ ಬೇರೆ ದೂರಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹಾರಿಸುತ್ತಿದ್ದರು. ಹೀಗೆ ಹಾರಿಸಿದ ಸಾಲ್ವೊಗಳಲ್ಲಿ ಯಾವುದು ಆಚೆ, ಯಾವುದು ಈಚೆ ಎಂದು ಒಂದೇ ನೋಟದಲ್ಲಿ ತಿಳಿಯುತ್ತಿತ್ತು. ಜಟ್ಲೆಂಡಿನ ನಂತರ ಬ್ರಿಟಿಷರೂ ತಮ್ಮ ನಿಯಮಗಳನ್ನು ಈ ಕಡೆಗೆ ತಿದ್ದಿಕೊಂಡರು. ಗುರಿ ನಡುವೆ ಸಿಕ್ಕಿದೊಡನೆ ಹಾಸೆ ಕೊಡುತ್ತಿದ್ದ ಆದೇಶ 'ಗುಟ್, ಶ್ನೆಲ್': ಸರಿಯಿದೆ, ಇನ್ನು ವೇಗವಾಗಿ ಹಾರಿಸಿ.

ಜಟ್ಲೆಂಡ್ ಎಂದೆ. ಅದು ಉತ್ತರ ಸಮುದ್ರದಲ್ಲಿ 1916ರ ಮೇ 31ರಿಂದ ಜೂನ್ 1ರವರೆಗೆ ನಡೆದ ಮಹಾಕದನ. ಫ್ರಾಂಟ್ಸ್ ಹಿಪ್ಪರ್ ಅವರ ಐದು ಜರ್ಮನ್ ಬ್ಯಾಟಲ್ ಕ್ರೂಸರ್‌ಗಳು ಡೇವಿಡ್ ಬೀಟಿ ಅವರ ಬ್ರಿಟಿಷ್ ಪಡೆಯನ್ನು ಎದುರಿಸಿದಾಗ ಬ್ರಿಟಿಷರ ಮೊದಲ ಸಾಲ್ವೊಗಳು ಬಹು ಆಚೆ ಬಿದ್ದವು. ಅವರ ದೂರದ ಅಂದಾಜು ಹೆಚ್ಚಾಗಿತ್ತು. ಒಂದು ಗಂಟೆಯೊಳಗೆ ಇಂಡಿಫ್ಯಾಟಿಗಬಲ್ ಮತ್ತು ಕ್ವೀನ್ ಮೇರಿ ಸಿಡಿದು ಮುಳುಗಿದವು. ಇಲ್ಲಿ ಬೆಳಕಿನ ಪಾತ್ರವೂ ಇತ್ತು. ಆ ಹೊತ್ತಿನಲ್ಲಿ ಬ್ರಿಟಿಷರು ಪಶ್ಚಿಮದ ಬೆಳಗುವ ಬಾನಿಗೆ ಎದುರಾಗಿ ಸ್ಪಷ್ಟವಾಗಿ ಕಾಣುತ್ತಿದ್ದರು, ಜರ್ಮನರು ಪೂರ್ವದ ಮಬ್ಬಿನಲ್ಲಿದ್ದರು. ಸಂಜೆಯಾದಂತೆ ಸ್ಥಾನಗಳು ಅದಲುಬದಲಾದವು. ಆಗ ಜರ್ಮನರೇ ಬೆಳಕಿಗೆ ಎದುರಾದರು, ಹೊಡೆತವೂ ಅವರ ಪಾಲಿಗೆ ಬಂತು. ಯಂತ್ರಗಳು ಅವೇ, ಜನರೂ ಅವರೇ. ನೋಟ ಮಾತ್ರ ಬದಲಾಗಿತ್ತು.

ಆಕರಗಳನ್ನು ಓದುವ ಬಗೆ

ಈಗ ನೀವೇ ಹುಡುಕಲು ಹೊರಡಬಹುದು. ಓದಲು ಆರಂಭಿಸಲು ಹಾಸೆ 1920ರಲ್ಲಿ ಪ್ರಕಟಿಸಿದ ನೆನಪುಗಳು ಒಳ್ಳೆಯ ಬಾಗಿಲು. ಅದರ ಇಂಗ್ಲಿಷ್ ರೂಪ 'ಕೀಲ್ ಆಂಡ್ ಜಟ್ಲೆಂಡ್'. ಇದರಲ್ಲಿ ಎರಡು ಬಗೆಯ ಸಾಮಗ್ರಿ ಬೆರೆತಿದೆ. ಹಡಗಿನಲ್ಲೇ ಕದನದ ಹೊತ್ತಿಗೆ ಬರೆದುಕೊಂಡ ಸಮಯ ಮತ್ತು ದೂರಗಳ ದಾಖಲೆ ಒಂದು. ವರ್ಷಗಳ ನಂತರ, ಸೋತ ದೇಶದ ಅಧಿಕಾರಿಯೊಬ್ಬರು ಬರೆದ ಮಾತು ಇನ್ನೊಂದು. ಎರಡಕ್ಕೂ ಒಂದೇ ತೂಕ ಕೊಡಬೇಡಿ. ಪ್ರತಿ ಸಂಗತಿಯ ಮುಂದೆ ಮೂರು ಪ್ರಶ್ನೆ ಬರೆಯುವ ಅಭ್ಯಾಸ ಮಾಡಿಕೊಳ್ಳಿ: ಕಂಡವರು ಯಾರು, ಬರೆದದ್ದು ಯಾವಾಗ, ಬರೆದದ್ದು ಯಾರಿಗಾಗಿ. 'ತಗುಲಿತು' ಎಂಬ ಮಾತನ್ನು ಹೊಡೆದವರಿಂದ ಕೇಳಿ ನಂಬಬೇಡಿ. ಎದುರಾಳಿಯ ಫಿರಂಗಿಯ ಮಿಂಚೂ ದೂರದಿಂದ ತಗುಲಿದ ಹಾಗೇ ಕಾಣುತ್ತದೆ. ಹೊಡೆಸಿಕೊಂಡ ಹಡಗಿನ ಹಾನಿಯ ವರದಿ ನೋಡಿ.

ಆಮೇಲೆ ಜಾನ್ ಕ್ಯಾಂಪ್‌ಬೆಲ್ ಅವರ ಜಟ್ಲೆಂಡ್ ವಿಶ್ಲೇಷಣೆಗೆ ಹೋಗಿ. ತಗುಲಿದ ಗುಂಡುಗಳನ್ನು ಒಂದೊಂದಾಗಿ ಪರಿಶೀಲಿಸಿದ ಪುಸ್ತಕ ಅದು. ಜಾನ್ ಬ್ರೂಕ್ಸ್ ಮತ್ತು ನಾರ್ಮನ್ ಫ್ರೀಡ್‌ಮನ್ ನಿಯಂತ್ರಣ ಯಂತ್ರಗಳನ್ನೇ ವಿಷಯವಾಗಿಸಿಕೊಂಡು ಬರೆದಿದ್ದಾರೆ. ಜರ್ಮನ್ ಭಾಷೆ ಕಲಿಯುವ ಮನಸ್ಸಿದ್ದರೆ ಅಧಿಕೃತ ಯುದ್ಧ ಇತಿಹಾಸದ ಉತ್ತರ ಸಮುದ್ರದ ಸಂಪುಟಗಳಿವೆ. ಹಡಗುಗಳ ಯುದ್ಧ ದಿನಚರಿಗಳು ಫ್ರೈಬುರ್ಗ್ ನಗರದ ಸೇನಾ ದಫ್ತರಖಾನೆಯಲ್ಲಿವೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ವಶವಾದ ಈ ದಾಖಲೆಗಳಲ್ಲಿ ಬಹುಪಾಲನ್ನು ಮೈಕ್ರೋಫಿಲ್ಮ್ ಮಾಡಿದ್ದರಿಂದ ಅಮೆರಿಕದ ರಾಷ್ಟ್ರೀಯ ದಫ್ತರಖಾನೆಯಲ್ಲೂ ಪ್ರತಿಗಳು ಸಿಗುತ್ತವೆ. ಹಳೆಯ ಜರ್ಮನ್ ಕೈಬರಹಕ್ಕೆ ಕಣ್ಣು ಪಳಗಲು ಕಾಲ ಬೇಕು, ಅವಸರಪಡಬೇಡಿ.

ಮೂರು ಹಳ್ಳಗಳನ್ನು ಈಗಲೇ ತೋರಿಸಿಬಿಡುತ್ತೇನೆ. ಮೊದಲನೆಯದು ಗಡಿಯಾರ. ಕ್ವೀನ್ ಮೇರಿ ಸಿಡಿದದ್ದು ಬ್ರಿಟಿಷ್ ದಾಖಲೆಯಲ್ಲಿ ಸಂಜೆ 4 ಗಂಟೆ 26 ನಿಮಿಷಕ್ಕೆ, ಹಾಸೆ ಬರಹದಲ್ಲಿ 6 ಗಂಟೆ 26 ನಿಮಿಷಕ್ಕೆ. ಎರಡೂ ಸರಿ, ಜರ್ಮನಿಯಲ್ಲಿ ಆಗಷ್ಟೇ ಬೇಸಿಗೆಯ ಸಮಯ ಜಾರಿಗೆ ಬಂದಿದ್ದರಿಂದ ಎರಡು ಗಂಟೆಗಳ ಅಂತರವಿತ್ತು. ಎರಡನೆಯದು ಅಳತೆ. ಬ್ರಿಟಿಷರು ದೂರವನ್ನು ಗಜಗಳಲ್ಲಿ ಬರೆದರು, ಜರ್ಮನರು ನೂರು ಮೀಟರಿನ ಹೆಕ್ಟೋಮೀಟರ್‌ಗಳಲ್ಲಿ. '150' ಎಂದು ಕಂಡರೆ 15,000 ಮೀಟರ್ ಎಂದು ಓದಿ. ಗಜದಲ್ಲಿ ಅದು ಸುಮಾರು 16,400. ಮೂರನೆಯದು ಫಿರಂಗಿಯ ಉದ್ದ. ಡೆರ್ಫ್ಲಿಂಗರ್ ಫಿರಂಗಿಯ ಹೆಸರಿನಲ್ಲಿರುವ ಎಲ್/50 ಎಂದರೆ ಉದ್ದ ಬಾಯಿಯ ಅಗಲದ 50 ಪಟ್ಟು, ಅಂದರೆ 15.25 ಮೀಟರ್. ಜರ್ಮನರು ಇಡೀ ಫಿರಂಗಿಯನ್ನು ಅಳೆದರು, ಬ್ರಿಟಿಷರು ಒಳಗಿನ ಕೊಳವೆಯನ್ನು ಮಾತ್ರ. ಎರಡು ದೇಶಗಳ ಸಂಖ್ಯೆಗಳನ್ನು ಹಾಗೆಯೇ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ.

ಕಲಿತದ್ದನ್ನು ನಿಯಮವಾಗಿಸುವುದು

ಒಂದು ಪುಟ್ಟ ಆಟವನ್ನು ಕಟ್ಟೋಣ. ಇಬ್ಬರು ಆಟಗಾರರು, ಒಬ್ಬ ಮಧ್ಯಸ್ಥ. 1 ಸೆಂಟಿಮೀಟರಿಗೆ 100 ಮೀಟರ್ ಎಂದಿಟ್ಟುಕೊಂಡರೆ 15 ಕಿಲೋಮೀಟರ್ ಎಂದರೆ ಒಂದೂವರೆ ಮೀಟರ್; ಮನೆಯ ನಡುಮನೆ ಸಾಕು. ಒಂದು ಸುತ್ತು ಎಂದರೆ ಒಂದು ನಿಮಿಷ. 25 ನಾಟ್ ಹಡಗು ಸುತ್ತಿಗೆ ಸುಮಾರು 8 ಸೆಂಟಿಮೀಟರ್ ಸರಿಯುತ್ತದೆ.

ಹೆಜ್ಜೆ ಒಂದು, ದೂರ. ಮಧ್ಯಸ್ಥರು ನಿಜವಾದ ದೂರವನ್ನು ಗುಟ್ಟಾಗಿ ಅಳೆಯಲಿ. ಎರಡು ದಾಳ ಎಸೆದು, ಮೊತ್ತದಿಂದ 7 ಕಳೆಯಲಿ. ಉತ್ತರ ಕಳೆ 5ರಿಂದ ಕೂಡು 5ರವರೆಗೆ ಬರುತ್ತದೆ. ದೂರ 15 ಕಿಲೋಮೀಟರಿನ ಆಸುಪಾಸಿನಲ್ಲಿದ್ದರೆ ಅದನ್ನು 100 ಮೀಟರಿನಿಂದ, 10ರ ಆಸುಪಾಸಿನಲ್ಲಿದ್ದರೆ 45 ಮೀಟರಿನಿಂದ ಗುಣಿಸಿ ನಿಜವಾದ ದೂರಕ್ಕೆ ಸೇರಿಸಿ ಆಟಗಾರನಿಗೆ ಹೇಳಲಿ. ಈ 45 ಎಲ್ಲಿಂದ ಬಂತೆಂದು ನೀವೇ ಲೆಕ್ಕ ಹಾಕಿ ನೋಡಿ. ದೂರ ಎರಡರಷ್ಟಾದರೆ ತಪ್ಪು ನಾಲ್ಕರಷ್ಟು ಎಂಬ ನಿಯಮದಿಂದಲೇ. ಹಲವು ದೂರಮಾಪಕಗಳಿರುವ ಹಡಗಿಗೆ ಹಲವು ಸಲ ದಾಳ ಎಸೆದು ಸರಾಸರಿ ಹಿಡಿಯಿರಿ. ಒಂದು ದೂರಮಾಪಕ ಹಾಳಾದರೆ ಒಂದು ಎಸೆತ ಕಡಿಮೆ. ಇಲ್ಲಿಗೆ ಜರ್ಮನ್ ಅನುಕೂಲಕ್ಕೆ ಕಾರಣವೂ ಬಂತು, ಅದು ಕರಗುವ ಬಗೆಯೂ ಬಂತು.

ಹೆಜ್ಜೆ ಎರಡು, ಹಾರಿಸುವುದು. ಆಟಗಾರ ಮುಂದಿನ ನಿಮಿಷದ ದೂರವನ್ನು ತಾನೇ ಊಹಿಸಿ, ಮೂರು ಮೆಟ್ಟಿಲಾಗಿ ಬರೆಯಲಿ: 14,600, 15,000, 15,400 ಮೀಟರ್ ಎಂಬಂತೆ. ಹಡಗುಗಳು ಸರಿದ ಮೇಲೆ ಮಧ್ಯಸ್ಥರು ಪ್ರತಿಯೊಂದಕ್ಕೂ 'ಆಚೆ', 'ಈಚೆ', 'ನಡುವೆ' ಎಂದಷ್ಟೇ ಹೇಳಲಿ. ಗುರಿ ಮಬ್ಬಿನಲ್ಲಿದ್ದರೆ 'ಕಾಣಲಿಲ್ಲ' ಎನ್ನಲಿ. ಬೆಳಕು ಎಷ್ಟು ಮುಖ್ಯವೆಂಬುದು ಆ ಒಂದು ಉತ್ತರದಿಂದಲೇ ಆಟಗಾರನಿಗೆ ತಿಳಿಯುತ್ತದೆ.

ಹೆಜ್ಜೆ ಮೂರು, ವೇಗದ ಹೊಡೆತ. ಗುರಿ ನಡುವೆ ಸಿಕ್ಕಿದ ಮೇಲೆ ಮಾತ್ರ ತಗುಲುವ ದಾಳವನ್ನು ಎಸೆಯಬಹುದು. ಎದುರಾಳಿ ತಿರುಗಿದರೆ ಆ ಹಕ್ಕು ಹೋಗುತ್ತದೆ, ಮತ್ತೆ ಮೆಟ್ಟಿಲುಗಳಿಂದ ಆರಂಭ. ತಿರುಗಿದವನಿಗೂ ಬೆಲೆಯಿದೆ: ಅವನ ಸ್ವಂತ ಲೆಕ್ಕವೂ ಕೆಡುತ್ತದೆ. ಹೊಡೆಯುವ ಆಸೆ ಮತ್ತು ತಪ್ಪಿಸಿಕೊಳ್ಳುವ ಆಸೆ ಒಂದನ್ನೊಂದು ಎಳೆಯುವ ಈ ಜಗ್ಗಾಟವೇ ಆಟಕ್ಕೆ ಜೀವ ಕೊಡುತ್ತದೆ.

ಕೊನೆಗೆ ತಾಳೆ ನೋಡುವುದು. ಜಟ್ಲೆಂಡಿನಲ್ಲಿ ಜರ್ಮನ್ ದೊಡ್ಡ ಹಡಗುಗಳು ಸುಮಾರು 3,600 ಭಾರಿ ಗುಂಡುಗಳನ್ನು ಹಾರಿಸಿದವು. ತಗುಲಿದ್ದು ಸುಮಾರು 120, ಅಂದರೆ ನೂರಕ್ಕೆ ಮೂರರ ಆಸುಪಾಸು. ಬ್ರಿಟಿಷರದ್ದೂ ನೂರಕ್ಕೆ ಮೂರಕ್ಕೆ ತುಸು ಕೆಳಗೆ. ನಿಮ್ಮ ಆಟದಲ್ಲಿ ನೂರಕ್ಕೆ ಹದಿನೈದು ತಗುಲುತ್ತಿದ್ದರೆ ತಗುಲುವ ದಾಳವನ್ನು ಮುಟ್ಟುವ ಮೊದಲು ಹೆಜ್ಜೆ ಒಂದನ್ನೂ ಎರಡನ್ನೂ ಪರೀಕ್ಷಿಸಿ. ಸಾಮಾನ್ಯವಾಗಿ ಆಟಗಾರನಿಗೆ ಸಿಗುವ ತಿಳಿವಳಿಕೆ ಹೆಚ್ಚಾಗಿರುತ್ತದೆ. ಆ ಮೂರು ಎಂಬುದು ಇಡೀ ಕದನದ ಸರಾಸರಿ ಎಂಬುದನ್ನೂ ಮರೆಯಬೇಡಿ. ಒಳ್ಳೆಯ ಬೆಳಕಿನ ಹತ್ತು ನಿಮಿಷದಲ್ಲಿ ಅದು ಏರುತ್ತದೆ, ಮಂಜಿನಲ್ಲಿ ಶೂನ್ಯಕ್ಕೆ ಇಳಿಯುತ್ತದೆ.

ಮೊದಲ ಅಭ್ಯಾಸಕ್ಕೆ ಎರಡೇ ಹಡಗು ಸಾಕು: ಡೆರ್ಫ್ಲಿಂಗರ್ ಒಂದು ಕಡೆ, ಕ್ವೀನ್ ಮೇರಿ ಇನ್ನೊಂದು ಕಡೆ, 15 ಕಿಲೋಮೀಟರ್ ಅಂತರ, ಸಮಾನಾಂತರ ಓಟ. ಒಮ್ಮೆ ಒಂದು ಬದಿಗೆ ಒಳ್ಳೆಯ ಬೆಳಕು ಕೊಟ್ಟು ಆಡಿ, ಮತ್ತೊಮ್ಮೆ ಇನ್ನೊಂದು ಬದಿಗೆ ಕೊಟ್ಟು ಆಡಿ. ಎರಡು ಆಟಗಳ ಫಲಿತಾಂಶವನ್ನು ಪಕ್ಕಪಕ್ಕ ಬರೆದುಕೊಳ್ಳಿ. ಹಡಗು ಬೇರೆಯಾದ್ದರಿಂದ ಆದ ವ್ಯತ್ಯಾಸ ಎಷ್ಟು, ಬೆಳಕು ಬದಲಿಸಿದ್ದರಿಂದ ಆದದ್ದು ಎಷ್ಟು ಎಂದು ನೀವೇ ಬಿಡಿಸಿ ಹೇಳಬಲ್ಲಿರಾದರೆ, ಫಿರಂಗಿ ನಿಯಂತ್ರಣದ ಮೊದಲ ಪಾಠ ನಿಮಗೆ ದಕ್ಕಿದೆ. ಇನ್ನು ಧೈರ್ಯವಾಗಿ ಹಾಸೆ ಪುಸ್ತಕದ ಮೊದಲ ಪುಟ ತೆರೆಯಿರಿ.